ಒಳಗಿಲ್ಲದ ಆರುನೂರ ಮೂವತ್ತೊಂಬತ್ತು ಕಾರುಗಳು

ಮಾರ್ಚ್ 4, ಸೋಮವಾರ

ಹೊರಹೋಗುವ ಗೇಟಿನ ರಿಲೇ ಬದಲಿಸಿದೆ. ಹಳೆಯದು ಮೂರು ದಿನದಿಂದ ಗಂಟಲು ಕಟ್ಟಿದವರ ಹಾಗೆ ಕರಕರ ಎನ್ನುತ್ತಿತ್ತು. ಹೊಸದು ಅದೇ ಅಳತೆ, ಅದೇ ಕಾಲುಗಳು, ಚೊಕ್ಕವಾಗಿ ‘ಟಿಕ್’ ಎನ್ನುತ್ತದೆ. ರಿಲೇ ಅಂದರೆ ಬೆಂಕಿಪೊಟ್ಟಣದಷ್ಟಿರುವ ಒಂದು ಸ್ವಿಚ್ಚು. ಒಳಗಿನ ತಂತಿಯ ಸುರುಳಿಗೆ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಗೇಟಿನ ಮೋಟರನ್ನು ಎಬ್ಬಿಸುತ್ತದೆ. ನನಗೆ ನಾನೇ ಇದನ್ನೆಲ್ಲ ಬಿಡಿಸಿ ಹೇಳಿಕೊಳ್ಳಬೇಕಾಗಿಲ್ಲ. ಆದರೆ ಏನು ಬರೆದರೂ ಗೊತ್ತಿಲ್ಲದವರಿಗೂ ಗೊತ್ತಾಗುವ ಹಾಗೆ ಬರಿ ಎಂದು ಅಪ್ಪ ತಲೆಗೆ ಮೊಟಕಿ ಕಲಿಸಿದ್ದರು. ಅಪ್ಪ ಹೋದರೂ ಅಭ್ಯಾಸ ಹೋಗಿಲ್ಲ.

ಆಸ್ಪತ್ರೆಯ ನೆಲದಡಿಯ ಈ ಕಾರು ನಿಲ್ದಾಣಕ್ಕೆ ನಾನೊಬ್ಬಳೇ ಟೆಕ್ನಿಷಿಯನ್. ಇನ್ನೂರ ನಲವತ್ತು ಕಾರುಗಳಿಗೆ ಜಾಗ. ಒಳಗೆ ಎಷ್ಟಿವೆ ಎಂದು ಗೇಟಿನ ಮೇಲಿನ ಬೋರ್ಡು ತೋರಿಸುತ್ತದೆ. ತುಂಬಿದರೆ ‘ಜಾಗವಿಲ್ಲ’ ಎಂಬ ಕೆಂಪು ದೀಪ ಹತ್ತುತ್ತದೆ. ಸಂಜೆ ಹೊರಡುವಾಗ ಒಂದು ವಿಚಿತ್ರ ಕಂಡಿತು. ಕಾರುಗಳು ಸಾಲಾಗಿ ಹೊರಗೆ ಹೋಗುತ್ತಿದ್ದವು, ಬೋರ್ಡಿನ ಸಂಖ್ಯೆ ಏರುತ್ತಿತ್ತು. ಕಣ್ಣಿಗೆ ಆಯಾಸವಾಗಿರಬೇಕು.

ಇನ್ನೊಂದು. ಗೇಟಿನಲ್ಲಿ ಭಾವ ಸಿಕ್ಕಿದರು. ಅವರ ಹೆಂಡತಿ ಸ್ಟೂಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ನಾಲ್ಕನೇ ಮಹಡಿಯಲ್ಲಿ ಮಲಗಿದ್ದಾರಂತೆ. ಭಾವನ ಹೆಂಡತಿ ಎಂದರೆ ನನ್ನ ಒಡಹುಟ್ಟಿದವಳೇ. ಹನ್ನೊಂದು ವರ್ಷದಿಂದ ಮಾತಿಲ್ಲ. ‘ಒಂದ್ಸಲ ಬಂದು ನೋಡ್ಕೊಂಡು ಹೋಗು’ ಎಂದರು. ಕೆಲಸವಿದೆ ಎಂದೆ.

ಮಾರ್ಚ್ 5, ಮಂಗಳವಾರ

ಬೆಳಗ್ಗೆ ಒಂಬತ್ತೂವರೆಗೇ ಕೆಂಪು ದೀಪ. ಒಳಗೆ ಹೋಗಿ ಎಣಿಸಿದೆ: ಐವತ್ತೆಂಟು ಕಾರು. ಗಾರ್ಡಿಗೆ ಹೇಳಿದೆ. ಆತನನ್ನು ಎಲ್ಲರೂ ‘ಕಾನೂನು’ ಎಂದೇ ಕರೆಯುತ್ತಾರೆ, ಆತನಿಗೂ ಅದು ಇಷ್ಟ.

‘ಬೋರ್ಡು ತಪ್ಪು ತೋರಿಸ್ತಿದೆ. ಕಾರುಗಳನ್ನ ಒಳಗೆ ಬಿಡಿ.’

‘ಬೋರ್ಡು ಇನ್ನೂರ ನಲವತ್ತೊಂದು ಅಂತಿದೆ ಮೇಡಂ.’

‘ಹಿಂದೆ ತಿರುಗಿ ನೋಡಿ, ಮುಕ್ಕಾಲು ಭಾಗ ಖಾಲಿ.’

ಆತ ತಿರುಗಲಿಲ್ಲ. ‘ನನ್ನ ಡ್ಯೂಟಿ ಈ ಕಡೆ ಮುಖ ಮಾಡಿ ನಿಂತ್ಕೊಳ್ಳೋದು.’

ಕ್ಷಮಿಸಿ ಎಂದು ಹೇಳಿ ಬಂದೆ.

ಮಾರ್ಚ್ 7, ಗುರುವಾರ

ಒಳಗಿದ್ದ ಕಾರುಗಳು ಒಂದೊಂದಾಗಿ ಹೊರಟುಹೋದವು. ಹೊಸದಾಗಿ ಯಾವುದೂ ಬರಲಿಲ್ಲ. ಉಳಿದಿರುವುದು ಒಂದೇ, ರಜೆಯ ಮೇಲೆ ಹೋಗಿರುವ ದೊಡ್ಡ ಡಾಕ್ಟರದು. ಬೋರ್ಡಿನಲ್ಲಿ 431. ರೋಗಿಗಳ ಮನೆಯವರು ಎರಡು ಬೀದಿ ಆಚೆ ಕಾರು ನಿಲ್ಲಿಸಿ, ಬುತ್ತಿ ಹಿಡಿದುಕೊಂಡು ಬಿಸಿಲಿನಲ್ಲಿ ನಡೆದು ಬರುತ್ತಿದ್ದಾರೆ. ನೆಲದಡಿ ಎಷ್ಟು ಖಾಲಿ ಎಂದರೆ ನಾನು ಕೆಮ್ಮಿದರೆ ಅದು ಎರಡು ಸುತ್ತು ಹೊಡೆದು ವಾಪಸ್ ಬರುತ್ತದೆ.

ಮುಖ್ಯ ಕಚೇರಿಯಿಂದ ಮ್ಯಾನೇಜರ್ ಫೋನ್ ಮಾಡಿದರು.

‘ನಾನೂರ ಮೂವತ್ತೊಂದು ಕಾರು! ಇನ್ನೂರ ನಲವತ್ತರ ಜಾಗದಲ್ಲಿ ಹೇಗೆ ಹಿಡಿಸಿದ್ರಿ ಮೇಡಂ?’

‘ಕ್ಷಮಿಸಿ ಸರ್, ಒಳಗಿರೋದು ಒಂದೇ.’

‘ಉಳಿದ ನಾನೂರ ಮೂವತ್ತು ಎಲ್ಲಿ ಹೋದ್ವು?’

‘ಹೋಗಿಲ್ಲ ಸರ್, ಬಂದೇ ಇಲ್ಲ.’

‘ಬರದೇ ಇರೋದನ್ನ ಯಂತ್ರ ಯಾಕೆ ಎಣಿಸುತ್ತೆ?’

ಸಂಖ್ಯೆಯನ್ನು ಅಳಿಸಲು ಅವರ ಬಳಿ ಮಾತ್ರ ಸಂಕೇತ ಪದವಿದೆ. ಅಳಿಸಿಬಿಡಿ ಸರ್, ಕ್ಷಮಿಸಿ, ಎಂದೆ. ‘ಅಳಿಸಿದ್ರೆ ಕಳೆದುಹೋದ ಕಾರುಗಳ ದಾಖಲೆನೇ ಹೋಗಿಬಿಡುತ್ತಲ್ಲ’ ಎಂದರು. ಫೋನ್ ಇಡುವಷ್ಟರಲ್ಲಿ ಇನ್ನೂ ನಾಲ್ಕು ಸಲ ಕ್ಷಮೆ ಕೇಳಿದ್ದೆ.

ಮಾರ್ಚ್ 8, ಶುಕ್ರವಾರ

ನೋಟಿಸ್ ಬಂತು. ಕಾರುಗಳ ಬಗ್ಗೆ ತನಿಖಾಧಿಕಾರಿ ಬರುತ್ತಾರೆ. ಯಂತ್ರದಲ್ಲಿ ಯಾರು ಏನು ಬದಲಿಸಿದರು ಎಂದು ಲಿಖಿತ ಹೇಳಿಕೆ ಕೊಡಬೇಕು. ತಪ್ಪು ಮಾಡಿದವರನ್ನು ಕೆಲಸದಿಂದ ತೆಗೆಯಲಾಗುವುದು.

ತಲೆನೋವು.

ಮಾರ್ಚ್ 11, ಸೋಮವಾರ

ಭಾವ ಒಂದು ಉಪಾಯ ಹೇಳಿದರು. ಒಂದು ಕಾರು ಹೊರಗೆ ಹೋದರೆ ಲೆಕ್ಕದ ಪ್ರಕಾರ ಒಂದು ಕಡಿಮೆಯಾಗಬೇಕು. ಹಿಂಬದಿಯಲ್ಲಿ ಸಾಮಾನಿನ ಗಾಡಿಗಳ ದಾರಿ ಇದೆ, ಅಲ್ಲಿ ಎಣಿಸುವ ಯಂತ್ರವಿಲ್ಲ, ಅದರ ಬೀಗದ ಕೈ ನನ್ನ ಬಳಿ. ಅಲ್ಲಿಂದ ಒಳಗೆ ಬಂದು ಗೇಟಿನಿಂದ ಹೊರಗೆ, ಮತ್ತೆ ಹಿಂದಿನಿಂದ ಒಳಗೆ. ಯಾರಾದರೂ ನೋಡಿದರೆ ಎಂದು ನಾನು ಹಿಂದೆ ಮುಂದೆ ನೋಡುತ್ತಲೇ ಬೀಗ ತೆಗೆದೆ. ಭಾವನಿಗೆ ಮಾತ್ರ ಭಾರೀ ಹುರುಪು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಯಾರೂ ಏನೂ ಕೆಲಸ ಹೇಳಿರಲಿಲ್ಲವಂತೆ. ಅರವತ್ತು ಸುತ್ತು ಹೊಡೆದರು. ಪ್ರತಿ ಸಲ ‘ಕಾನೂನು’ ಸಲ್ಯೂಟ್ ಹೊಡೆದು, ಹೋಗಿ ಬನ್ನಿ ಸರ್ ಎಂದ.

ಬೋರ್ಡು ಇಳಿಯಲಿಲ್ಲ. ಗೇಟು ಎತ್ತಿದ ರಿಲೇ ‘ಟಿಕ್’ ಎಂದು ಕೈಬಿಟ್ಟಾಗಲೆಲ್ಲ ಎರಡೋ, ಐದೋ, ಕೆಲವೊಮ್ಮೆ ಏಳೋ ಏರಿತು. ಸುಸ್ತಾಗಿ ನಿಲ್ಲಿಸಿದಾಗ 640.

‘ಹೋಗ್ಲಿ ಬಿಡು, ಒಂದು ಕೆಲಸ ಅಂತ ಮಾಡಿದ್ವಲ್ಲ’ ಎಂದರು ಭಾವ.

ಮಾರ್ಚ್ 12, ಮಂಗಳವಾರ

ಭಾವ ಎಲ್ಲವನ್ನೂ ಮೇಲೆ ಊದಿದ್ದಾರೆ. ಮಧ್ಯಾಹ್ನ ಔಷಧಿ ಚೀಟಿಯ ಹಿಂಭಾಗದಲ್ಲಿ ಒಂದು ಸಾಲು ಹಿಡಿದುಕೊಂಡು ಬಂದರು. ಪರಿಚಯದ ಅಕ್ಷರ, ಎಲ್ಲ ಬಲಕ್ಕೆ ವಾಲಿವೆ. ‘ಹಳೇ ರಿಲೇ ಬಿಸಾಡಿದ್ದಾಳಾ, ಇಟ್ಟಿದ್ದಾಳಾ?’

ಅದರ ಕೆಳಗೆ ‘ಇದೆ’ ಎಂದು ಬರೆದು ಕಳಿಸಿದೆ.

ಇಪ್ಪತ್ತು ನಿಮಿಷದ ಮೇಲೆ: ‘ಬಿಚ್ಚಿ ನೋಡಲಿ.’

‘ಏನನ್ನು ನೋಡಬೇಕು?’

ಭಾವ ಗೋಡೆ ಹಿಡಿದುಕೊಂಡರು. ‘ನೋಡಮ್ಮ, ಲಿಫ್ಟು ಸ್ಟ್ರೆಚರ್‌ಗಳಿಗೆ ಮಾತ್ರ ಅಂತೆ. ನಾಲ್ಕು ಮಹಡಿ ಹತ್ತಿ ಇಳಿದು ನನ್ನ ಮಂಡಿ ಹೋಯ್ತು. ನಿಮ್ಮಿಬ್ಬರ ಮಧ್ಯೆ ನಾನು ತಂತಿನಾ, ಗಂಡನಾ?’

ಮಾರ್ಚ್ 14, ಗುರುವಾರ

ಭಾವನ ಮಂಡಿಯ ಸಲುವಾಗಿ ಮೇಲೆ ಹೋದೆ.

ಕಾಲಿಗೆ ತೂಕ ಕಟ್ಟಿ ಎತ್ತಿದ್ದಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಭಾವ ಇದನ್ನು ಹೇಳಿರಲಿಲ್ಲ. ಹನ್ನೊಂದು ವರ್ಷದ ನಂತರ ಆಕೆಯ ಮೊದಲ ಮಾತು: ‘ತಂದ್ಯಾ?’

ಹಳೆಯ ರಿಲೇಯನ್ನು ಹೊದಿಕೆಯ ಮೇಲಿಟ್ಟೆ. ಆಕೆ ಕನ್ನಡಕ ಏರಿಸಿ, ಸೂಜಿಯ ತುದಿಯಿಂದ ಒಳಗಿದ್ದ ಕಾಳುಮೆಣಸಿನಷ್ಟು ಕರ್ರಗಿನದನ್ನು ತೋರಿಸಿದಳು.

‘ಡಯೋಡ್. ಕರೆಂಟನ್ನ ಒಂದೇ ದಿಕ್ಕಿಗೆ ಬಿಡುತ್ತೆ. ಹಳೇದರಲ್ಲಿ ಇದು ಹೊಟ್ಟೆಯೊಳಗೇ ಇತ್ತು. ಹೊಸದರಲ್ಲಿ ಇಲ್ಲ. ಕರೆಂಟ್ ಇರೋವರೆಗೂ ಸುರುಳಿ ಸಾಧು. ತಟ್ಟನೆ ಕಿತ್ಕೊಂಡ್ರೆ ಸುಮ್ನಿರಲ್ಲ. ಇಪ್ಪತ್ನಾಲ್ಕು ವೋಲ್ಟ್ ಇದ್ದದ್ದು ಆ ಕ್ಷಣ ಮುನ್ನೂರಾಗಿ ತಿರುಗಿ ಎಗರುತ್ತೆ. ಪಕ್ಕದಲ್ಲಿರೋ ಎಣಿಸೋ ಚಿಪ್ಪಿಗೆ ಆ ಏಟು ಬಿದ್ರೆ, ಕಾರು ಬಂತು ಕಾರು ಬಂತು ಅಂತ ಬಡಬಡಿಸುತ್ತೆ.’

‘ಡಯೋಡ್ ಇದ್ರೆ?’ ಎಂದು ಭಾವ ಕೇಳಿದರು.

‘ಸಿಟ್ಟು ಅಲ್ಲಲ್ಲೇ ಸುತ್ತಿ ಸುತ್ತಿ ತಣ್ಣಗಾಗೋಕೆ ಒಂದು ದಾರಿ ಸಿಗುತ್ತೆ, ಅಷ್ಟೇ.’

‘ಇದು ಮನುಷ್ಯರ ಸೈಜಿಗೂ ಸಿಗುತ್ತಾ?’

ನಾವಿಬ್ಬರೂ ನಗಲಿಲ್ಲ. ಹೊರಡುವಾಗ ಆಕೆ ಅಂಗಡಿಯಿಂದ ತರಿಸಿಟ್ಟಿದ್ದ ಒಂದು ಡಯೋಡನ್ನು ಮಾತ್ರೆಯ ಪೊಟ್ಟಣದಲ್ಲಿ ಸುತ್ತಿ ಕೊಟ್ಟಳು. ಅಪ್ಪನ ರಿಪೇರಿ ಅಂಗಡಿಯನ್ನು ಈಗಲೂ ಆಕೆಯೇ ನಡೆಸುತ್ತಿದ್ದಾಳೆ. ಮೊದಲು ಇಬ್ಬರೂ ನಡೆಸುತ್ತಿದ್ದೆವು. ಒಂದು ಸಭಾಂಗಣದ ಉದ್ಘಾಟನೆಯಲ್ಲಿ ನಾವು ರಿಪೇರಿ ಮಾಡಿಕೊಟ್ಟ ಆಂಪ್ಲಿಫೈಯರಿನಿಂದ ಹೊಗೆ ಎದ್ದಿತು. ‘ಡಯೋಡ್ ತಿರುಗಾಮುರುಗಾ ಹಾಕಿದ್ದಾಳೆ, ನನ್ನ ತಂಗಿ’ ಎಂದು ಆಕೆ ಎಲ್ಲರೆದುರು ಹೇಳಿದಳು. ಮೈಕು ಸತ್ತಿತ್ತು, ಆದರೂ ಕೊನೆಯ ಸಾಲಿನವರೆಗೆ ಕೇಳಿಸಿತು. ಅವತ್ತೇ ನಾನು ಅಂಗಡಿ ಬಿಟ್ಟೆ.

ಮಾರ್ಚ್ 16, ಶನಿವಾರ

ತನಿಖಾಧಿಕಾರಿ ಬಂದರು, ಎರಡು ಬೀದಿ ಆಚೆಯಿಂದ ನಡೆದುಕೊಂಡು, ಬೆವರು ಸುರಿಸುತ್ತಾ. ‘ಕಾನೂನು’ ಅವರ ಕಾರನ್ನೂ ಒಳಗೆ ಬಿಟ್ಟಿರಲಿಲ್ಲ. ಖಾಲಿ ನೆಲದ ನಡುವೆ ನಿಂತು ಬಹಳ ಹೊತ್ತು ಯೋಚಿಸಿದರು. ಟೇಪು ಹಿಡಿದು ಚಾವಣಿಯ ಎತ್ತರ ಅಳೆದರು.

‘ಒಂದರ ಮೇಲೊಂದು ನಿಲ್ಲಿಸಿದ್ರಾ?’

‘ಇಲ್ಲ ಸರ್.’

ಪೊರಕೆ ಇಡುವ ಕೋಣೆ ತೆಗೆಸಿದರು. ಗೋಡೆಗಳನ್ನು ಬಡಿದು ನೋಡಿದರು. ಡಾಕ್ಟರ ಕಾರಿನ ಸುತ್ತ ಎರಡು ಸಲ ತಿರುಗಿ ಪುಸ್ತಕದಲ್ಲಿ ಬರೆದುಕೊಂಡರು: ‘ಒಂದು ಪತ್ತೆಯಾಗಿದೆ. ಆರುನೂರ ಮೂವತ್ತೊಂಬತ್ತು ಸಿಗಬೇಕಾಗಿದೆ.’ ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. ‘ಯಂತ್ರಕ್ಕೆ ಯಾರಾದ್ರೂ ಕೈ ಹಾಕಿದ್ರಾ?’

‘ನನಗೆ ಗೊತ್ತಿಲ್ಲ’ ಎಂದೆ.

ಶುಕ್ರವಾರದೊಳಗೆ ಅದನ್ನೇ ಬರೆದು ಕೊಡಬೇಕಂತೆ.

ಮಾರ್ಚ್ 18, ಸೋಮವಾರ

ರಿಲೇಯ ಸುರುಳಿಯ ಎರಡು ಕಾಲುಗಳಿಗೆ ಅಡ್ಡಲಾಗಿ ಡಯೋಡ್ ಬೆಸೆದೆ. ಗೇಟು ಎತ್ತಲು ಗುಂಡಿ ಒತ್ತಿದೆ. ಟಪ್. ಫ್ಯೂಸ್ ಹೋಯಿತು. ಗೇಟು ಅಲ್ಲಾಡಲಿಲ್ಲ, ಬೋರ್ಡು ಮಾತ್ರ ಬೇರೆ ತಂತಿಯಲ್ಲಿ ಬದುಕಿಕೊಂಡು 640 ಎನ್ನುತ್ತಲೇ ಇತ್ತು.

ಮೇಲೆ ಹೋಗಿ ಹೇಳಿದೆ.

‘ಡಯೋಡಿನ ಮೇಲಿರೋ ಬಿಳಿ ಪಟ್ಟೆ ಯಾವ ಕಡೆ ಇಟ್ಟೆ?’

‘ಮೈನಸ್ ಕಡೆಗೆ.’

‘ಪ್ಲಸ್ ಕಡೆಗೆ ಇಡ್ಬೇಕು. ನೀನಿಟ್ಟ ಹಾಗೆ ಇಟ್ರೆ ತಡೆಯೋ ಬದಲು ಕರೆಂಟಿಗೆ ನೇರ ದಾರಿ ಬಿಟ್ಟ ಹಾಗೆ.’

ನರ್ಸು, ಪಕ್ಕದ ಮಂಚದವರು, ಎಲ್ಲರೆದುರು ಈಗ ಶುರುವಾಗುತ್ತದೆ ಎಂದುಕೊಂಡು ಕುರ್ಚಿ ಹಿಡಿದು ಕಾದೆ. ಅಕ್ಕ ಹೊದಿಕೆಯ ನೂಲನ್ನು ಎಳೆಯುತ್ತಾ ಕೂತಳು.

‘ಪುಟ್ಟಿ, ಆ ಆಂಪ್ಲಿಫೈಯರಿಂದು... ಅದನ್ನ ಹಾಕಿದ್ದು ನೀನಲ್ಲ. ನಾನು.’

‘ಯಾವಾಗ ಗೊತ್ತಾಯ್ತು?’

‘ಅವತ್ತೇ. ಮನೆಗೆ ತಂದು ಬಿಚ್ಚಿದ ತಕ್ಷಣ.’

ಫ್ಯೂಸ್ ತರಬೇಕು. ಐದು ಆಂಪಿಯರಿನದು, ಗಾಜಿನದು. ಸ್ಟೋರಿನಲ್ಲಿ ಇರುವುದು ಅನುಮಾನ.

ಮಾರ್ಚ್ 19, ಮಂಗಳವಾರ

ಫ್ಯೂಸ್ ತರಲಿಲ್ಲ.

ಮಾರ್ಚ್ 20, ಬುಧವಾರ

ಹನ್ನೊಂದು ವರ್ಷ. ನಾನಲ್ಲ, ನಾನಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಜನ ಹೌದಾ ಎನ್ನುತ್ತಿದ್ದರು, ನಂಬುತ್ತಿರಲಿಲ್ಲ. ಕೊನೆಗೆ ನನಗೇ ಅನುಮಾನ ಬಂದು, ಎಲ್ಲಿ ಏನು ಕೆಟ್ಟರೂ ಕೇಳುವ ಮೊದಲೇ ಕ್ಷಮಿಸಿ ಎನ್ನುವುದು ಅಭ್ಯಾಸವಾಯಿತು. ಭಾವನ ಹೆಂಡತಿಗೆ ಎಲ್ಲವೂ ಗೊತ್ತಿತ್ತು. ಒಂದು ಕಾಗದ ಬರೆದಿದ್ದರೆ ಸಾಕಾಗಿತ್ತು. ಅದೂ ಬೇಡ, ಒಂದು ಫೋನು. ನನ್ನ ನಂಬರು ಬದಲಾಗಿಲ್ಲ. ಇವತ್ತಿಗೂ ಅದೇ ಇದೆ, ಯಾಕೆ ಬದಲಿಸಲಿಲ್ಲ ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಏನು ಹೇಳಲಿ?

ಸಂಜೆ ಭಾವ ಬಂದು ಗೇಟಿನ ಪೆಟ್ಟಿಗೆಯ ಪಕ್ಕ ಕೂತರು. ‘ಅವಳು ಎರಡು ದಿನದಿಂದ ಊಟ ಮುಟ್ಟಿಲ್ಲ. ಬೈಯೋಕಾದ್ರೂ ಬಾ.’

ಮಾರ್ಚ್ 21, ಗುರುವಾರ

ಬೈಯಲು ಹೋದೆ. ನಲವತ್ತು ನಿಮಿಷ ಬೈದೆ. ನರ್ಸು ಎರಡು ಸಲ ಬಂದು, ಮುಗೀತಾ ಎಂದು ಕೇಳಿಕೊಂಡು ಹೋದರು. ಪಕ್ಕದ ಮಂಚದ ಅಜ್ಜಿ ಸರಿಯಾಗಿ ಕೇಳಿಸಲೆಂದು ತಮ್ಮ ರೇಡಿಯೋ ಆರಿಸಿದರು. ನನ್ನ ಗಂಟಲು ಒಣಗಿದಾಗ ಅಕ್ಕ ನೀರಿನ ಲೋಟ ಈ ಕಡೆ ಸರಿಸಿದಳು.

‘ಇನ್ನೇನಾದ್ರೂ ಉಳಿದಿದ್ಯಾ?’

‘ನೆನಪಾದ್ರೆ ನಾಳೆ ಬರ್ತೀನಿ.’

‘ಬಾ’ ಎಂದಳು. ಕಣ್ಣು ಒರೆಸಿಕೊಳ್ಳಲು ಹೋಗಿ ಕನ್ನಡಕ ಬೀಳಿಸಿಕೊಂಡಳು. ನಾನು ಎತ್ತಿಕೊಡಲಿಲ್ಲ. ಅಜ್ಜಿ ಎತ್ತಿಕೊಟ್ಟರು.

ಆಮೇಲೆ ಊಟ ಮಾಡಿದಳಂತೆ.

ಮಧ್ಯಾಹ್ನ ಹೊಸ ಫ್ಯೂಸ್, ಹೊಸ ಡಯೋಡ್, ಬಿಳಿ ಪಟ್ಟೆ ಪ್ಲಸ್ ಕಡೆಗೆ. ಭಾವ ಹಿಂಬದಿಯಿಂದ ಕಾರು ತಂದು ಗೇಟಿನಿಂದ ಒಮ್ಮೆ ಹೊರಗೆ ಹೋದರು. ಟಿಕ್. 639. ಇನ್ನೊಮ್ಮೆ. 638. ನಾವಿಬ್ಬರೂ ಮಕ್ಕಳ ಹಾಗೆ ಕಿರುಚಿದೆವು. ‘ಕಾನೂನು’ ಈ ಕಡೆ ತಿರುಗಲಿಲ್ಲ, ಆದರೆ ಆತನ ಬೆನ್ನು ಕೇಳಿಸಿಕೊಳ್ಳುತ್ತಿತ್ತು.

ಮಾರ್ಚ್ 22, ಶುಕ್ರವಾರ

ಹೇಳಿಕೆಯನ್ನು ಅಕ್ಕನ ಮಂಚದ ತುದಿಯಲ್ಲಿ ಕೂತು ಬರೆದೆ.

‘ಸ್ಟೋರಿನವರು ಬೇರೆ ಮಾಲು ಕೊಟ್ರು ಅಂತ ಬರಿ. ಅದೂ ನಿಜಾನೇ ಅಲ್ವಾ?’

‘ಬೇಡ. ಹಾಕಿದ್ದು ನಾನು ಅಂತ ಬರೆಯೋಕೆ ಎಷ್ಟು ಹೊತ್ತು ಬೇಕು?’

ಅವಳಿಗೆ ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡು, ‘ಬರಿ’ ಎಂದಳು.

ನಾಲ್ಕೇ ಸಾಲು ಬರೆದೆ. ರಿಲೇ ಹಾಕಿದ್ದು ನಾನು. ಒಳಗೆ ಡಯೋಡ್ ಇದೆಯೇ ಎಂದು ನೋಡದೆ ಹಾಕಿದೆ. ಮೊದಲು ಗೊತ್ತಿಲ್ಲ ಎಂದದ್ದು ಸುಳ್ಳು. ಕಾರುಗಳು ಇಲ್ಲ, ಇರಲೂ ಇಲ್ಲ.

ಮಾರ್ಚ್ 25, ಸೋಮವಾರ

ಯಂತ್ರ ಈಗ ಸರಿಯಾಗಿ ಎಣಿಸುತ್ತದೆ, ಆದರೆ 638ರಿಂದ. ಮ್ಯಾನೇಜರ್ ಸಂಖ್ಯೆ ಅಳಿಸುವುದಿಲ್ಲ. ಹಾಗಾದರೆ ಕೆಂಪು ದೀಪ ಆರಲು ಸುಮಾರು ನಾನೂರು ಕಾರುಗಳಾದರೂ ಹೊರಗೆ ಹೋಗಬೇಕು.

ಬೆಳಗ್ಗೆ ಹಿಂಬದಿಯ ಬೀಗ ತೆಗೆದು, ಬಿಸಿಲಿನಲ್ಲಿ ನಡೆದು ಬರುತ್ತಿದ್ದವರಿಗೆಲ್ಲ ಹೇಳಿದೆ: ನಿಮ್ಮ ಕಾರು ತನ್ನಿ, ಇಲ್ಲಿಂದ ಒಳಗೆ ಬನ್ನಿ, ಗೇಟಿನಿಂದ ಹೊರಗೆ ಹೋಗಿ, ಸುತ್ತುತ್ತಾ ಇರಿ. ಇಪ್ಪತ್ತು ಕಾರು ಸೇರಿದವು. ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡ ಒಬ್ಬರು ಹೆಂಡತಿಗೆ ಸ್ಟೀರಿಂಗ್ ಕೊಟ್ಟು ಪಕ್ಕದಲ್ಲಿ ಕೂತರು. ಹೊಸ ಮಗುವನ್ನು ಮನೆಗೆ ಕರೆದೊಯ್ಯುತ್ತಿದ್ದ ದಂಪತಿ, ಮಗು ಕಾರು ನಿಂತರೆ ಅಳುತ್ತದೆಂದು ಮೂವತ್ತೊಂದು ಸುತ್ತು ಹೊಡೆದರು. ಭಾವ ಎಲ್ಲರ ಮುಂದೆ, ಕಿಟಕಿಯಿಂದ ಕೈ ಹೊರಗೆ ಹಾಕಿ. ನಡುವೆ ಮ್ಯಾನೇಜರ್ ಫೋನ್ ಬಂತು. ಕೆಲಸದಲ್ಲಿದ್ದೇನೆ ಸರ್, ಆಮೇಲೆ ಮಾಡಿ ಎಂದು ಇಟ್ಟೆ.

ಹನ್ನೆರಡೂವರೆಗೆ 239. ಕೆಂಪು ದೀಪ ಆರಿತು. ನಾಲ್ಕನೇ ಮಹಡಿಯ ಕಿಟಕಿಯಲ್ಲಿ, ಕಾಲಿನ ತೂಕ ಬಿಚ್ಚಿ ಅಕ್ಕನಿಗೆ ಹೊಸದಾಗಿ ಕೊಟ್ಟ ಊರುಗೋಲು ಧ್ವಜದ ಹಾಗೆ ಅಲ್ಲಾಡುತ್ತಿತ್ತು.

‘ಜಾಗ ಇದೆ, ಬನ್ನಿ ಬನ್ನಿ!’ ಎಂದು ‘ಕಾನೂನು’ ರಸ್ತೆಯ ಮಧ್ಯಕ್ಕೇ ಹೋಗಿ ಕೂಗಿದ. ಸುತ್ತುತ್ತಿದ್ದವರೆಲ್ಲ ಸಂಖ್ಯೆ ಇನ್ನೂ ನೂರು ಇಳಿಯುವವರೆಗೆ ಸುತ್ತಿ, ಆಮೇಲೆ ಮುಂದಿನ ಗೇಟಿನಿಂದಲೇ ಒಳಗೆ ಬಂದು ನಿಲ್ಲಿಸಿದರು. ಆಗ ಮೊದಲ ಬಾರಿಗೆ ಆತ ಹಿಂದೆ ತಿರುಗಿ ನೋಡಿದ.

‘ಇಷ್ಟೊಂದು ಜಾಗ ಇದ್ಯಾ ಮೇಡಂ ಇಲ್ಲಿ?’

ಮಾರ್ಚ್ 30, ಶನಿವಾರ

ಒಂದೇ ಲಕೋಟೆಯಲ್ಲಿ ಎರಡು ಕಾಗದ. ಮೊದಲನೆಯದು: ಅನುಮತಿಯಿಲ್ಲದೆ ಯಂತ್ರಕ್ಕೆ ಡಯೋಡ್ ಬೆಸೆದಿದ್ದಕ್ಕೆ, ಮತ್ತು ಮೊದಲು ಸುಳ್ಳು ಹೇಳಿದ್ದಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ. ಎರಡನೆಯದು: ಕಾಣೆಯಾಗಿದ್ದ ಕಾರುಗಳು ಸುರಕ್ಷಿತವಾಗಿ ಹೊರಹೋಗುವಂತೆ ನೋಡಿಕೊಂಡದ್ದಕ್ಕೆ ಪ್ರಶಂಸಾಪತ್ರ. ಕೆಲಸ ಉಳಿಯಿತು. ಎರಡಕ್ಕೂ ಸಹಿ ಹಾಕಿ ಒಂದೇ ಪಿನ್ನು ಚುಚ್ಚಿ ಇಟ್ಟೆ.

ಅಕ್ಕನನ್ನು ಮನೆಗೆ ಕಳಿಸಿದರು. ಗಾಲಿಕುರ್ಚಿಯಲ್ಲಿ ನೇರ ಗೇಟಿನ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗು ಎಂದಳು. ಮುಚ್ಚಳ ತೆಗೆಸಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

‘ಬೆಸುಗೆ ಜಾಸ್ತಿಯಾಯ್ತು.’

‘ಗಟ್ಟಿಯಾಗಿರ್ಲಿ ಅಂತ.’

‘ಅಪ್ಪನೂ ಹೀಗೇ ಸುರೀತಿದ್ರು’ ಎಂದು ಮುಚ್ಚಳವನ್ನು ತಾನೇ ಮುಚ್ಚಿದಳು.

ಎರಡು ದಿನ ರಜೆ ಹಾಕಿ ಅವರ ಜೊತೆ ಹೊರಟೆ. ಭಾವನಿಗೆ ಮಂಡಿ ನೋವು, ಅಕ್ಕನನ್ನು ಎತ್ತಲು ಒಬ್ಬರು ಬೇಕು.

ಏಪ್ರಿಲ್ 2, ಮಂಗಳವಾರ

ರಜೆಯನ್ನು ಇನ್ನೂ ನಾಲ್ಕು ದಿನ ಮುಂದುವರಿಸಿದೆ.

ಅಕ್ಕನ ಮನೆಯ ಫ್ರಿಜ್ಜು ಗುರ್ ಎನ್ನುತ್ತಿತ್ತು. ನಾನು ಹಿಂದಿನಿಂದ ಬಿಚ್ಚಿದೆ, ಅವಳು ಮಂಚದಿಂದ ಊರುಗೋಲಿನಲ್ಲಿ ತೋರಿಸುತ್ತಾ ಆ ತಂತಿ, ಅದಲ್ಲ, ಈ ತಂತಿ ಎನ್ನುತ್ತಿದ್ದಳು. ಮತ್ತೆ ಜೋಡಿಸಿ ಸ್ವಿಚ್ಚು ಹಾಕಿದಾಗ ಗುರ್ ನಿಂತಿತ್ತು, ಫ್ರಿಜ್ಜೂ ನಿಂತಿತ್ತು. ಸುಟ್ಟ ವಾಸನೆ ಬಂತು.

ಭಾವ ಅಡುಗೆಮನೆಯಿಂದ ಓಡಿ ಬಂದರು. ‘ಯಾರು ಮಾಡಿದ್ದು?’

‘ನಾನು’ ಎಂದೆ.

‘ನಾನು’ ಎಂದಳು ಅಕ್ಕ.

‘ತಂತಿ ಜೋಡಿಸಿದ್ದು ನಾನು.’

‘ತಪ್ಪು ತಂತಿ ತೋರಿಸಿದ್ದು ನಾನು. ಸುಮ್ನಿರು.’

‘ನೀನು ತೋರಿಸಿದ್ದು ಸರಿಯಾಗೇ ಇತ್ತು, ನಾನೇ ಪಕ್ಕದ್ದನ್ನ ಹಿಡಿದೆ.’

‘ನನಗೆ ಗೊತ್ತಿಲ್ವಾ ನಾನು ಏನು ತೋರಿಸಿದೆ ಅಂತ!’

ಒಂದು ಗಂಟೆಯಿಂದ ಇದೇ ನಡೆದಿದೆ. ಈಗ ಪುಸ್ತಕ ಹಿಡಿದು ಕೂತಿದ್ದರೂ ಅಕ್ಕ ಆ ಕಡೆಯಿಂದ ಅನ್ನುತ್ತಲೇ ಇದ್ದಾಳೆ, ನಾನು ತಲೆ ಎತ್ತದೆ ಉತ್ತರ ಕೊಡುತ್ತಲೇ ಇದ್ದೇನೆ. ಅವಳು ಬಿಟ್ಟುಕೊಡುವ ಲಕ್ಷಣ ಕಾಣುತ್ತಿಲ್ಲ. ನಾನಂತೂ ಬಿಡುವುದಿಲ್ಲ. ಹಾಲು ಕೆಡುವುದರೊಳಗೆ ನಿಮ್ಮಲ್ಲಿ ಯಾರಾದರೂ ಒಬ್ಬರು ಗೆಲ್ಲಿ ಎಂದು ಭಾವ ಪಾತ್ರೆ ಹಿಡಿದುಕೊಂಡು ನಿಂತಿದ್ದಾರೆ.